ರಜಿಯಾಳ ಪಾಸ್‌ಪೋರ್ಟ್

ಯಾದಗಿರಿಯ ಬಟ್ಟೆ ಅಂಗಡಿಯಲ್ಲಿ ಮೊನ್ನೆ ಹೊಸ ಅಂಗಿಯೊಂದನ್ನು ಬಿಡಿಸಿದಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಕಾಲರಿನ ಒಳಗೆ ಪರದೇಶದ ಹೆಸರು. ಅಂಗಡಿಯವನು ಬಣ್ಣವನ್ನು ಹೊಗಳುತ್ತಿದ್ದ. ನನಗೆ ನೆನಪಾದವಳು ರಜಿಯಾ.

ಶಹಾಪುರದಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವಳದು. ವರ್ಷವರ್ಷವೂ ಮುಂದೆ ಬರುತ್ತಿದ್ದ ನನ್ನ ಹೊಟ್ಟೆಯನ್ನು ಯಾರಿಗೂ ಹೇಳದೆ ಅಂಗಿಯಲ್ಲೇ ಮುಚ್ಚಿಡುವಂಥ ಹೊಲಿಗೆಗಾತಿ. ಒಮ್ಮೆ ಪರದೇಶದ ಗಾರ್ಮೆಂಟ್ ಕಾರ್ಖಾನೆಗೆ ಹೋದಳು. ಇಳಿದ ದಿನವೇ ಪಾಸ್‌ಪೋರ್ಟ್ ಕಸಿದುಕೊಂಡರಂತೆ. ಕೆಲಸ ಬಿಟ್ಟರೆ ಹಾಸ್ಟೆಲ್, ಹಾಸ್ಟೆಲಿಗೆ ಹೊರಗಿನಿಂದ ಬೀಗ. ಕರಾರು ಮುಗಿದರೂ ಊರಿಗೆ ಬಿಡಲಿಲ್ಲ.

ಅವಳ ತಾಯಿ ಖೈರುನ್‌ಬಿ ನನ್ನ ಬಳಿ ಬಂದರು. ತಹಸೀಲು ಕಚೇರಿಯ ಗುಮಾಸ್ತನಾಗಿದ್ದ ನಾನು ಮೂರು ಪುಟದ ಅರ್ಜಿ ಬರೆದು ಗತ್ತಿನಿಂದ ಓದಿ ಹೇಳಿದೆ.

"ಛಲೋ ಅದರಿ. ಆದ್ರ ಮಗಳನ್ನ ಕರಸ್ರಿ ಅಂತ ಎಲ್ಲಿ ಬರದೀರಿ?" ಎಂದರು ಆಕೆ.

ಎಲ್ಲಿಯೂ ಇರಲಿಲ್ಲ! ಹರಿದು ಹಾಕಿ ನಾಲ್ಕೇ ಸಾಲಿನಲ್ಲಿ ಬರೆದೆ. ಅದು ಜಿಲ್ಲಾಧಿಕಾರಿ ಕಚೇರಿಯಿಂದ ದಿಲ್ಲಿಗೆ ಹೋಯಿತು. ತಿಂಗಳುಗಟ್ಟಲೆ ಬಂದ ಉತ್ತರ ಒಂದೇ: ಪರಿಶೀಲನೆಯಲ್ಲಿದೆ.

ಬಾಗಿಲು ಅಲುಗಿದ್ದು ಬೇರೆ ಕಡೆಯಿಂದ. ಆ ಕಾರ್ಖಾನೆಯ ಬಟ್ಟೆ ಕೊಳ್ಳುತ್ತಿದ್ದ ದೇಶದ ಸರ್ಕಾರ, ಬಲವಂತದ ದುಡಿಮೆಯ ಮಾಲು ನಮಗೆ ಬೇಡವೆಂದು ಪೆಟ್ಟಿಗೆಗಳನ್ನು ಬಂದರಿನಲ್ಲೇ ತಡೆಯಿತು. ಕಾರ್ಖಾನೆಯಿದ್ದ ದೇಶದ ಅಧಿಕಾರಿಗಳು ಆಗ ಹಾಸ್ಟೆಲಿಗೆ ಓಡಿಬಂದರು. ಜೊತೆಗೆ ನಮ್ಮ ರಾಯಭಾರ ಕಚೇರಿಯವರೊಬ್ಬರು. ಅವರ ಕೈಯಲ್ಲಿ ನಮ್ಮ ಆ ನಾಲ್ಕು ಸಾಲು.

ಪಾಸ್‌ಪೋರ್ಟನ್ನು ನಾವಾಗಿಯೇ ಕೊಟ್ಟೆವು ಎನ್ನಬೇಕೆಂದು ಸೂಪರ್‌ವೈಸರ್ ಎಲ್ಲರಿಗೂ ಮೊದಲೇ ತಾಕೀತು ಮಾಡಿದ್ದ. ಮಾಲು ನಿಂತರೆ ಕೆಲಸವೂ ಹೋದೀತೆಂದು ಹೆದರಿದ ಗೆಳತಿಯರು ರಜಿಯಾಳ ದುಪಟ್ಟಾ ಹಿಡಿದು ಜಗ್ಗಿದರು. ಆದರೂ ಅವಳು ಎದ್ದು ನಿಂತಳು.

"ಹಿಂದಿನಿಂದ ಜಗ್ಗಾಕತ್ತಿದ್ರು ಕಾಕಾ," ಎಂದು ಊರಿಗೆ ಮರಳಿದ ಮೇಲೆ ನನಗೆ ಹೇಳಿದಳು. "ಆದ್ರ ಬಾಯಿ ನಿಲ್ಲಲಿಲ್ಲ. ಬೀಗ ಹಾಕ್ತಾರ, ಪಾಸ್‌ಪೋರ್ಟ್ ಕೊಡಂಗಿಲ್ಲ, ಎಲ್ಲಾ ಹೇಳಿಬಿಟ್ಟೆ. ಸರಕಾರದವ್ರು ಬಾಗಲಾ ತೆಗದ್ರು ಖರೆ, ಮಾತು ಮಾತ್ರ ನಾವ ಆಡಬೇಕಾತು."

ಅದೇ ಸಂಜೆ ಎಲ್ಲರ ಪಾಸ್‌ಪೋರ್ಟುಗಳೂ ರಟ್ಟಿನ ಡಬ್ಬಿಯೊಂದರಲ್ಲಿ ಬಂದವಂತೆ. ಹೊರಡುವವರು ಹೊರಟರು. ಉಳಿದವರ ಕೆಲಸ ಉಳಿಯಿತು, ಬೀಗ ಹೋಯಿತು.

ನಿನ್ನೆ ರಜಿಯಾ ಕೆಂಭಾವಿಯ ಇಬ್ಬರು ಯುವತಿಯರನ್ನು ಕರೆತಂದಿದ್ದಳು. ಅವರಿಗೂ ಪರದೇಶದಲ್ಲಿ ಹೊಲಿಗೆ ಕೆಲಸ ಸಿಕ್ಕಿದೆ. ಹೋಗಬೇಡಿ ಎಂದು ಅವಳು ಒಂದು ಮಾತೂ ಆಡಲಿಲ್ಲ. ಕರಾರು ಪತ್ರವನ್ನು ನನ್ನ ಮುಂದಿಟ್ಟು ಓದಲು ಹೇಳಿದಳು, ಅಷ್ಟೆ. ಪಾಸ್‌ಪೋರ್ಟ್ ಕಂಪನಿಯ ವಶದಲ್ಲಿರತಕ್ಕದ್ದು ಎಂಬ ಸಾಲು ಬಂತು. ಇಡೀ ನೌಕರಿಯಲ್ಲಿ ಅಚ್ಚಾದ ಕಾಗದಕ್ಕೆ ಎದುರಾಡಿದವನಲ್ಲ ನಾನು.

"ಈ ಸಾಲು ಹೊಡದ್ ಹಾಕೋತನಾ ಸಹಿ ಮಾಡಬ್ಯಾಡ್ರವಾ!" ಎಂದೆ.

ನನ್ನ ದನಿ ಓಣಿಗೆಲ್ಲ ಕೇಳಿಸಿತು. ಯುವತಿಯರು ಪೆನ್ನು ಕೆಳಗಿಟ್ಟರು.