ಕನಕಮ್ಮನ ಮಂಗಳವಾರ

ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ಬಸ್ಸಿನಲ್ಲಿ, ಮಂಗಳವಾರದ ಬೆಳಿಗ್ಗೆ ಡ್ರೈವರನ ಹಿಂದಿನ ಸೀಟು ಕನಕಮ್ಮನದು ಎಂದು ಕಂಡಕ್ಟರಿಗೂ ಗೊತ್ತು. ಒಮ್ಮೊಮ್ಮೆ ಆಕೆ ಹಳೆಯ ಮೊಬೈಲನ್ನು ಕಿವಿಗಿಟ್ಟುಕೊಂಡು, "ಈಗ ಬ್ಯಾಡ, ಆಮೇಲೆ ಬಾ ಅಂದ್ನಲ್ಲ" ಎಂದು ಯಾರನ್ನೋ ಗದರುತ್ತಾಳೆ. ಸಾಲ ಕೇಳುವ ನೆಂಟರಿರಬೇಕು ಎಂದು ಪಕ್ಕದವರು ಅಂದುಕೊಳ್ಳುತ್ತಾರೆ. ಆ ಫೋನಿನ ಆಚೆ ಯಾರೂ ಇರುವುದಿಲ್ಲ.

ಕನಕಮ್ಮನದು ಬೂದಿಕೋಟೆಯ ಪಕ್ಕದ ಒಂದು ಸಣ್ಣ ಹಳ್ಳಿ. ಗಂಡ ರಾಮಚಂದ್ರಪ್ಪ ಗಾರೆ ಕೆಲಸದವನು. ಇದ್ದೊಬ್ಬ ಮಗಳು ಮದುವೆಯಾಗಿ ಮುಳಬಾಗಿಲಿನ ಕಡೆ ಇದ್ದಾಳೆ. ಮನೆಯಲ್ಲಿ ಎರಡು ಸೀಮೆಹಸು. ಬೇರೆಯವರ ಹೊಲದಲ್ಲಿ ಕೂಲಿ ಸಿಕ್ಕಿದಾಗ ಅದೂ ಉಂಟು. ಹಾಗೆ ಕೂಲಿಗೆ ಹೋಗಿ ರಾಗಿ ಕೊಯ್ಯುತ್ತಿದ್ದ ಒಂದು ದಿನವೇ ಅದು ಮೊದಲು ಕೇಳಿಸಿದ್ದು. ಬೆನ್ನ ಹಿಂದೆ ಯಾರೋ ಗಂಡಸು "ಕನಕಾ" ಎಂದ. ಕುಡುಗೋಲು ಹಿಡಿದೇ ತಿರುಗಿ ನೋಡಿದಳು. ರಾಗಿ ತೆನೆ ಬಿಟ್ಟರೆ ಯಾರೂ ಇರಲಿಲ್ಲ.

ಆಮೇಲೆ ಆ ದನಿ ಮನೆಗೂ ಬಂತು. ಮೊದಮೊದಲು ಹೆಸರು ಕರೆಯುವುದಷ್ಟೇ. ಬರಬರುತ್ತ ಅದಕ್ಕೆ ಸಲಿಗೆ ಹೆಚ್ಚಿತು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದಿತು. ಡೈರಿಯ ಮುಂದೆ ನಿಂತ ಹೆಂಗಸರೆಲ್ಲ ನಿನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದಿತು. ಕನಕಮ್ಮ ಡೈರಿಗೆ ಹೋಗುವುದನ್ನು ಬಿಟ್ಟಳು, ಕೂಲಿಗೆ ಹೋಗುವುದನ್ನು ಬಿಟ್ಟಳು. ಕೊನೆಗೆ ಒಂದು ಮುಂಜಾನೆ, ಹಾಲಿನಲ್ಲಿ ವಿಷ ಇದೆ ಎಂದು ದನಿ ಹೇಳಿತೆಂದು, ಕರೆದ ಹಾಲನ್ನೆಲ್ಲ ಚರಂಡಿಗೆ ಸುರಿದು ಗೋಡೆಗೆ ಒರಗಿ ಕುಳಿತಳು. ರಾಮಚಂದ್ರಪ್ಪ ಅವಳನ್ನು ಬೈಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಏನು ಮಾಡಬೇಕೆಂದು ತಿಳಿಯದೆ ಅವಳ ಸೆರಗಿನ ತುದಿ ಹಿಡಿದುಕೊಂಡ.

ಗಾಳಿ ಸೋಕಿದೆ ಎಂದವರುಂಟು. ತಾಯತ ಕಟ್ಟಿಸಿದ್ದೂ ಆಯಿತು. ಆಶಾ ಕಾರ್ಯಕರ್ತೆ ಶಶಿರೇಖ ಒಂದು ಸಂಜೆ ಬಂದು, "ಅಣ್ಣಾ, ಇದೂ ಒಂದು ಕಾಯ್ಲೇನೇ. ಬಂಗಾರಪೇಟೆ ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟ್ರು ಬತ್ತಾರೆ, ಕರ್ಕೊಂಡೋಗಿ" ಎಂದಳು. ಅವನು ಕರೆದುಕೊಂಡು ಹೋದ. ಮಾತ್ರೆ ಶುರುವಾಯಿತು. ದನಿಯ ಗಂಟಲು ಕೊಂಚ ಕುಗ್ಗಿತು, ಆದರೆ ಅದು ಹೋಗಲಿಲ್ಲ. ಮುಂದಿನ ಸಲ ಡಾಕ್ಟರಮ್ಮ "ಈಗಲೂ ಕೇಳುತ್ತಾ?" ಎಂದಾಗ ಕನಕಮ್ಮ ತಲೆ ಅಲ್ಲಾಡಿಸಿ "ಇಲ್ಲ" ಎಂದುಬಿಟ್ಟಳು. ಹೌದೆಂದರೆ ಎಲ್ಲಿಗೋ ಕಳಿಸಿ ಕೂಡಿಹಾಕುತ್ತಾರೆ ಎಂಬ ಭಯ ಅವಳಿಗೆ. ಅಂದಿನಿಂದ ಅದು ಅವಳೊಬ್ಬಳ ಗುಟ್ಟಾಯಿತು. ಗುಟ್ಟಾದ ಮೇಲೆ ಇನ್ನೂ ಭಾರವಾಯಿತು.

ಹೀಗಿರುವಾಗ ಒಂದು ಮಂಗಳವಾರ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಅವಳ ಪಕ್ಕಕ್ಕೆ ದಪ್ಪನೆಯ ಒಬ್ಬ ಹೆಂಗಸು ಬಂದು ಕುಳಿತಳು. ಕನಕಮ್ಮನಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಮೂಗಿನ ಎರಡೂ ಬದಿಗೆ ಮೂಗುತಿ, ಮುಡಿಯಲ್ಲಿ ಕನಕಾಂಬರ. ಎಲೆಯಡಿಕೆ ಜಗಿಯುತ್ತಿದ್ದ ಆಕೆ ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿ, "ಸುಮ್ಕಿರು ಅಂದ್ರೆ ಸುಮ್ಕಿರು. ಡಾಕ್ಟ್ರಮ್ಮನ ಮುಂದೆ ಮಾತಾಡೀಯಂತೆ" ಎಂದಳು. ಎಡಗಡೆ ಬರೀ ಗೋಡೆ.

ಕನಕಮ್ಮ ಕೂತಲ್ಲೇ ಅವಳ ಕಡೆಗೆ ತಿರುಗಿದಳು. "ಯಾರಿಗಕ್ಕಾ ಯೇಳಿದ್ದು?"

"ನಮ್ಮೋಳಿಗೆ. ಇಪ್ಪತ್ತು ವರ್ಷದಿಂದ ಜತೇಲವ್ಳೆ. ನಂಗೆ ಕೇಳೋದು ಎಂಗಸಿನ ದನಿ. ನಿಂಗೆ?"

ಊಟ ಆಯಿತಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿಬಿಟ್ಟಳು. ಕನಕಮ್ಮನಿಗೆ ಕಣ್ಣು ತುಂಬಿ ಬಂತು.

"ಗಂಡಸಿಂದು" ಎಂದಳು ಪಿಸುದನಿಯಲ್ಲಿ.

"ಅಯ್ಯೋ ಕಣ್ಣು, ಗಂಡಸಿಂದಾ! ಕಟ್ಕೊಂಡವನ ಮಾತು ಕೇಳೋದೇ ಸಾಕು, ಅದರ ಮ್ಯಾಲೆ ಇನ್ನೊಬ್ಬಂದು ಬೇರೆ" ಎಂದು ಆಕೆ ಬೆಂಚು ಅಲುಗುವಂತೆ ನಕ್ಕಳು. ಕನಕಮ್ಮನಿಗೂ ನಗು ಬಂತು. ಅಳುತ್ತಲೇ ನಕ್ಕಳು. ಆ ಕಾಯಿಲೆ ಹಿಡಿದ ಮೇಲೆ ನಕ್ಕದ್ದು ಅದೇ ಮೊದಲು.

ಆಕೆ ಅಮ್ಮಾಜಮ್ಮ. ಕೆಜಿಎಫ್‌ನ ಚಾಂಪಿಯನ್ ರೀಫಿನ ಗಣಿ ಕಾರ್ಮಿಕರ ಸಾಲುಮನೆಯೊಂದರಲ್ಲಿ ಇಡ್ಲಿ ಅಂಗಡಿ ಇಟ್ಟುಕೊಂಡ ಒಂಟಿ ಹೆಂಗಸು. ಮನೆಮಾತು ತೆಲುಗು, ಬೀದಿಯ ಮಾತು ತಮಿಳು, ಆಸ್ಪತ್ರೆಯಲ್ಲೂ ಸಿಟ್ಟು ಬಂದಾಗಲೂ ಕನ್ನಡ. ಅಕ್ಕರೆ ಉಕ್ಕಿದಾಗ ಎಲ್ಲರೂ ಅವಳಿಗೆ "ಕಣ್ಣು". ಅಲ್ಲೇ ಆಸ್ಪತ್ರೆ ಇರುವಾಗ ರೈಲು ಹತ್ತಿ ಬಂಗಾರಪೇಟೆಗೆ ಯಾಕೆ ಬರುತ್ತಾಳೆಂದು ಕೇಳಿದರೆ, "ಅಲ್ಲಿ ಸಾಲಲ್ಲಿ ನಿಂತೋರೆಲ್ಲ ನನ್ನ ಇಡ್ಲಿ ತಿನ್ನೋರೇ. ಚಟ್ನಿಗೆ ಏನ್ ಆಕಿದ್ದಾಳೋ ಅಂತ ಅನುಮಾನ ಬಂದ್ರೆ ನನ್ನ ಗತಿಯೇನು?" ಎಂದಳು.

ಅಂದು ಒಳಗೆ ಹೋಗುವ ಮೊದಲು ಅಮ್ಮಾಜಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. "ನಿಜ ಯೇಳು. ನೀನು ಸುಳ್ಳು ಯೇಳಿದ್ರೆ ಡಾಕ್ಟ್ರಮ್ಮ ಆ ಸುಳ್ಳಿಗೇ ಮಾತ್ರೆ ಬರೀತಾರೆ. ಮಾತ್ರೆ ಮಾತ್ರ ನೀನಾಗೆ ಬಿಡಬ್ಯಾಡ. ನಾನೊಂದ್ಸಲ ಬಿಟ್ಟು ಆಂಧ್ರದ ಕುಪ್ಪಂವರೆಗೂ ಬರಿಗಾಲಲ್ಲಿ ನಡ್ಕೊಂಡು ಓಗಿದ್ದೆ. ಯಾಕೆ ಓದೆ ಅಂತ ಈಗ್ಲೂ ಗೊತ್ತಿಲ್ಲ."

ಕನಕಮ್ಮ ನಿಜ ಹೇಳಿದಳು. ಯಾರೂ ಕೂಡಿಹಾಕಲಿಲ್ಲ. ಡಾಕ್ಟರಮ್ಮ ಮಾತ್ರೆ ಬದಲಿಸಿ, "ಇದನ್ನು ಮೊದಲೇ ಹೇಳಬಾರದಿತ್ತೇನಮ್ಮಾ" ಎಂದು ಬೆನ್ನು ಸವರಿದರು.

ಡಾಕ್ಟರು ಕಲಿಸದ ಕೆಲವು ಉಪಾಯಗಳನ್ನು ಅಮ್ಮಾಜಮ್ಮ ಕಲಿಸಿದಳು. ಬೀದಿಯಲ್ಲಿ ದನಿಗೆ ಎದುರು ಮಾತಾಡಬೇಕೆನಿಸಿದರೆ ಫೋನು ಕಿವಿಗಿಟ್ಟುಕೊಳ್ಳುವುದು ಅವಳದೇ ಪಾಠ. "ಈಗ ರಸ್ತೇಲಿ ಓಗೋರೆಲ್ಲ ಒಬ್ಬೊಬ್ರೇ ಮಾತಾಡ್ಕೊಂಡೇ ಓಗ್ತಾರೆ, ನಮ್ಮನ್ನ ಯಾರು ನೋಡ್ತಾರೆ?" ಇನ್ನೊಂದು, ದನಿಗೆ ಹೊತ್ತು ಗೊತ್ತು ಮಾಡುವುದು. ತಾನು ಹಿಟ್ಟು ರುಬ್ಬುವಾಗ ಮಾತ್ರ ಬಾ ಎಂದು ಅವಳು ತನ್ನ ದನಿಗೆ ಹೇಳಿದ್ದಳಂತೆ. ಗ್ರೈಂಡರಿನ ಗದ್ದಲದಲ್ಲಿ ಅದು ಏನು ಬೇಕಾದರೂ ಬೊಗಳಿಕೊಳ್ಳಲಿ. ಕನಕಮ್ಮ ತನ್ನ ದನಿಗೆ ಹುಲ್ಲು ಕೊಯ್ಯುವ ಹೊತ್ತನ್ನು ಕೊಟ್ಟಳು. ಹೇಳಿದಂತೆಲ್ಲ ಅದು ಕೇಳಲಿಲ್ಲ, ನಿಜ. ಆದರೆ ಗದರಿದರೆ ಕೆಲವೊಮ್ಮೆ ತೆಪ್ಪಗಾಗುತ್ತದೆ ಎಂದು ತಿಳಿದದ್ದೇ ಅವಳಿಗೆ ದೊಡ್ಡ ಬಲವಾಯಿತು. ಕುಗ್ಗಿದ ಕುತ್ತಿಗೆ ನೆಟ್ಟಗಾಯಿತು.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ಮಂಗಳವಾರ ಅಮ್ಮಾಜಮ್ಮ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. 'ಅವಳು ಸತ್ತಳು, ನಿನ್ನಿಂದಲೇ ಸತ್ತಳು' ಎಂದು ದನಿ ಶುರುಹಚ್ಚಿಕೊಂಡಿತು. ಕನಕಮ್ಮ ಆಸ್ಪತ್ರೆಯ ಗೇಟಿನಲ್ಲಿ ನಿಂತು ಯೋಚಿಸಿದಳು. ಕೆಜಿಎಫ್‌ಗೆ ಅವಳು ಯಾವತ್ತೂ ಒಬ್ಬಳೇ ಹೋದವಳಲ್ಲ. "ಸತ್ತವ್ಳೋ ಬದುಕವ್ಳೋ, ಓಗಿ ನೋಡ್ತೀನಿ, ನೀನು ಬಾಯಿ ಮುಚ್ಚು" ಎಂದವಳೇ ಸ್ಟೇಷನ್ನಿಗೆ ನಡೆದಳು.

ಮಾರಿಕುಪ್ಪಂ ರೈಲಿನಿಂದ ಇಳಿದು, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ಕಣ್ಣಿಗೆ ಹೊಡೆಯದಂತೆ ಸೆರಗು ಮರೆಮಾಡಿಕೊಂಡು, ಅವರಿವರನ್ನು ಕೇಳುತ್ತ ಮನೆ ಹುಡುಕಿದಳು. ಇಡ್ಲಿ ಒಲೆ ತಣ್ಣಗಿತ್ತು. ಒಳಗೆ ಅಮ್ಮಾಜಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮುಡಿಯಲ್ಲಿ ಹೂವಿರಲಿಲ್ಲ, ತಲೆ ಬಾಚಿರಲಿಲ್ಲ.

ತಂಗಿಯ ಮಗಳಿಗೆ ಮದುವೆಯಂತೆ. ಕೆಜಿಎಫ್‌ನಲ್ಲೇ ರಾಬರ್ಟ್‌ಸನ್‌ಪೇಟೆಯಲ್ಲಿರುವ ತಂಗಿ ಬಂದು, ಬೀಗರ ಮುಂದೆ ನೀನು ಗೋಡೆ ಜತೆ ಮಾತಾಡಿದರೆ ಮರ್ಯಾದೆ ಹೋಗುತ್ತದೆ, ಮದುವೆಗೆ ಬರಬೇಡ ಎಂದು ಹೇಳಿ ಹೋಗಿದ್ದಳು. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಅಮ್ಮಾಜಮ್ಮ. ಅಂದಿನಿಂದ ಅಂಗಡಿ ಮುಚ್ಚಿದ್ದಳು, ಮಾತ್ರೆಯನ್ನೂ ಬಿಟ್ಟಿದ್ದಳು.

"ಎಲ್ಲರಿಗೂ ಬುದ್ಧಿ ಯೇಳೋಳು ಎಂಗೆ ಬಿದ್ದವ್ಳೆ ನೋಡು ಕಣ್ಣು" ಎಂದಳು, ತಿರುಗದೆಯೇ. "ನೀನು ಓಗು, ನಿನ್ನ ಬಸ್ಸು ತಪ್ತದೆ."

"ತಪ್ಪಲಿ" ಎಂದಳು ಕನಕಮ್ಮ. ಧೈರ್ಯ ಹೇಳುವ ಮಾತು ಅವಳಿಗೆ ಬರುತ್ತಿರಲಿಲ್ಲ. ಒಲೆ ಹಚ್ಚಿ ಅಕ್ಕಿ ಗಂಜಿ ಕಾಸಿದಳು. ಅಮ್ಮಾಜಮ್ಮನನ್ನು ಎಬ್ಬಿಸಿ ಕೂರಿಸಿ, ಎಣ್ಣೆ ಹಚ್ಚಿ, ಸಿಕ್ಕುಗಟ್ಟಿದ ಕೂದಲನ್ನು ಮೆಲ್ಲಗೆ ಬಿಡಿಸಿದಳು. ಆಕೆ ತಂಗಿಯನ್ನು ಬೈದಾಗ ತಾನೂ ಸೇರಿ ಬೈದಳು. ಅತ್ತಾಗ ಬಾಚಣಿಗೆ ನಿಲ್ಲಿಸಿ ಕಾದಳು. ಆಮೇಲೆ ಗಂಡನಿಗೆ ಫೋನು ಮಾಡಿದಳು.

"ಇವತ್ತು ಬರಾಕಿಲ್ಲ. ಅಸು ನೀನೇ ಕರಿ."

"ಅಯ್ಯೋ, ಅದು ನನ್ನ ಕೈಗೆ ಕೊಡಾಕಿಲ್ಲ ಕಣೆ, ಒದೀತದೆ!"

"ನನ್ನ ಸೀರೆ ಒದ್ಕೊಂಡು ಕುಂತ್ಕೋ, ಕೊಡ್ತದೆ."

ರಾಮಚಂದ್ರಪ್ಪ ಹೆಂಡತಿಯ ಹಸಿರು ಸೀರೆಯನ್ನು ತಲೆತುಂಬ ಹೊದ್ದು, ಮೀಸೆ ಮರೆಸಿಕೊಂಡು ಹಾಲು ಕರೆದದ್ದನ್ನು ಊರವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅದನ್ನು ಫೋನಿನಲ್ಲಿ ಕೇಳಿ ಅಮ್ಮಾಜಮ್ಮ ಗಂಜಿ ನೆತ್ತಿಗೇರುವಷ್ಟು ನಕ್ಕಳು.

ಮರುದಿನ ಇಬ್ಬರೂ ರೈಲು ಹತ್ತಿ ಬಂಗಾರಪೇಟೆಗೆ ಬಂದರು. ಅದು ಡಾಕ್ಟರಮ್ಮ ಬರುವ ದಿನವಲ್ಲದಿದ್ದರೂ, ನರ್ಸು ಅವರನ್ನು ಫೋನಿನಲ್ಲಿ ಕೇಳಿ ಮಾತ್ರೆ ಮತ್ತೆ ಶುರು ಮಾಡಿಸಿದಳು. ಇಡ್ಲಿ ಒಲೆ ಹೊತ್ತಿಕೊಳ್ಳಲು ಕೆಲವು ವಾರವೇ ಬೇಕಾಯಿತು. ಮದುವೆಯ ದಿನ ಕನಕಮ್ಮ ಅವಳನ್ನು ತನ್ನ ಹಳ್ಳಿಗೆ ಕರೆಸಿಕೊಂಡು ಒಬ್ಬಟ್ಟು ಮಾಡಿ ಬಡಿಸಿದಳು. ಅಮ್ಮಾಜಮ್ಮ ಒಳ್ಳೆಯ ರೇಷ್ಮೆ ಸೀರೆಯುಟ್ಟು ಬಂದು, ಹಟ್ಟಿಯ ಮುಂದೆ ಕುಳಿತು, ಮುಹೂರ್ತದ ಹೊತ್ತಿಗೆ ಕೆಜಿಎಫ್ ಕಡೆಗೆ ತಿರುಗಿ ಅಕ್ಷತೆ ಎರಚಿದಳು. ಹುಡುಗಿಯ ಮೇಲಂತೂ ಅವಳಿಗೆ ಮುನಿಸಿರಲಿಲ್ಲ. ತಂಗಿಯ ಮೇಲಿನ ಮುನಿಸು ಇನ್ನೂ ಹಾಗೇ ಇದೆ.

ಈಗ ಆ ಬೆಂಚಿನಲ್ಲಿ ಇಬ್ಬರೇ ಇರುವುದಿಲ್ಲ. ಡಾಕ್ಟರಮ್ಮನೇ ಹೊಸಬರನ್ನು, "ಹೊರಗೆ ಕನಕಮ್ಮ ಇದ್ದಾರೆ, ಸ್ವಲ್ಪ ಹೊತ್ತು ಕೂತು ಮಾತಾಡಿ" ಎಂದು ಕಳಿಸುತ್ತಾರೆ. ಹಾಗೆ ಬಂದವಳು ಭಾರ್ಗವಿ, ದಾವಣಗೆರೆ ಕಡೆಯ ಹುಡುಗಿ. ಗಂಡ ವೇಣುಗೋಪಾಲ್‌ಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ. ಗುರುತಿನವರು ಕಂಡಾರೆಂದು ದುಪಟ್ಟಾದಲ್ಲಿ ಮುಖ ಸುತ್ತಿಕೊಂಡೇ ಬರುತ್ತಿದ್ದಳು. ಅವಳಿಗೆ ದನಿ ಕೇಳುವುದಿಲ್ಲ. ಹೆರಿಗೆಯಾದ ಮೇಲೆ ಹಾಸಿಗೆಯಿಂದ ಏಳುವ ಮನಸ್ಸೇ ಹೋಗಿತ್ತು. ಕಾಯಿಲೆ ಬೇರೆಯಾದರೂ ಹೆದರಿಕೆ ಒಂದೇ ಎಂದು ಕನಕಮ್ಮನಿಗೆ ಗೊತ್ತಿತ್ತು. ಮಗುವನ್ನು ತನ್ನ ಮಡಿಲಿಗೆ ಹಾಕಿಕೊಂಡು, "ಮಾತಾಡ್ಬೇಕು ಅನ್ನಿಸಿದಾಗ ಮಾತಾಡವ್ವಾ, ಅಲ್ಲಿಗಂಟ ಇವನನ್ನ ನಾನು ನೋಡ್ಕೊತೀನಿ" ಎಂದಳು. ಭಾರ್ಗವಿ ಮಾತಾಡಲು ಮೂರ್ನಾಲ್ಕು ಮಂಗಳವಾರ ಹಿಡಿಯಿತು.

ಮೊನ್ನೆ ರಾಮಚಂದ್ರಪ್ಪನೂ ಜೊತೆಗೆ ಬಂದಿದ್ದ. ಒಳಗೆ ಹೆಂಗಸರು ಸುತ್ತ ಕುಳಿತು ಮಾತಾಡುತ್ತಿದ್ದರೆ, ಹೊರಗೆ ಬೇವಿನ ಮರದ ಕೆಳಗೆ ವೇಣುಗೋಪಾಲ್ ಒಬ್ಬನೇ ಬೈಕಿಗೆ ಒರಗಿ ನಿಂತಿದ್ದ. ನಿದ್ದೆಗೆಟ್ಟ ಮುಖ. ರಾಮಚಂದ್ರಪ್ಪ ಎರಡು ಟೀ ತಂದು ಒಂದನ್ನು ಅವನ ಕೈಗಿತ್ತ.

"ನಾನೂ ಮೊದ್ಲು ಬೋ ಎದ್ರಿದ್ದೆ ಸಾರ್" ಎಂದ.

ವೇಣುಗೋಪಾಲ್ ಟೀ ಹಿಡಿದು ನೆಲ ನೋಡಿದ. "ಅವಳ ಹತ್ರ ಏನು ಮಾತಾಡಬೇಕು ಅಂತಾನೇ ಗೊತ್ತಾಗಲ್ಲ ನನಗೆ. ಏನೋ ಹೇಳೋಕೆ ಹೋದ್ರೆ ಇನ್ನೇನೋ ಆಗುತ್ತೆ."

"ಉಂಡ್ಯಾ ಅಂತ ಕೇಳಿ ಸಾರ್. ನಾನೂ ಅಲ್ಲಿಂದ್ಲೇ ಸುರು ಮಾಡಿದ್ದು" ಎಂದು ರಾಮಚಂದ್ರಪ್ಪ ಬೇವಿನ ಬೇರಿನ ಮೇಲಿದ್ದ ಎಲೆ ಸರಿಸಿ, ಅವನಿಗೂ ಕೂರಲು ಜಾಗ ಮಾಡಿದ.