ಸಾಹೇಬರ ಪಾಲಿನ ಅಕ್ಕಿ

ಒಂದು ಕಡೆ ಸುಮ್ಮನೆ ಕೂತಿರುವುದು ನನಗೆ ಎಂದೂ ಆಗಿಬಂದದ್ದಲ್ಲ. ಆ ವರ್ಷವಂತೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮನೆಯಿಂದ ಒಡ್ಡಿಗೆ, ಒಡ್ಡಿನಿಂದ ಮನೆಗೆ ತಿರುಗುತ್ತಿದ್ದೆ. ಕುಮಟೆಯ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಸಿಗುವ ಊರು ನಮ್ಮದು. ಹೊಳೆಯ ಉಪ್ಪುನೀರು ತಡೆಯಲು ಮಣ್ಣಿನ ಒಡ್ಡು ಹಾಕಿ, ಅದರ ಒಳಗೆ ಬೇಸಾಯ. ಆ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಅಲ್ಲಿ ಬರುವುದು ಕಗ್ಗ ಒಂದೇ, ಉಪ್ಪಿಗೆ ಅಷ್ಟು ಸುಲಭಕ್ಕೆ ಜಗ್ಗದ ಭತ್ತ. ಆದರೆ ಆ ಸಲ ತೆನೆ ಹಾಲು ತುಂಬುವ ಹೊತ್ತಿಗೇ ಒಡ್ಡು ಒಡೆದು, ಕಗ್ಗವೂ ತಡೆಯದಷ್ಟು ಉಪ್ಪುನೀರು ಒಳಗೆ ನಿಂತುಬಿಟ್ಟಿತು.

ಅರವತ್ತರ ದಶಕದ ನಡುವಿನ ಮಾತು. ಆಗ ಲೆವಿಯ ಕಾಲ, ಬೆಳೆದ ಭತ್ತದಲ್ಲಿ ಒಂದು ಪಾಲನ್ನು ಸರ್ಕಾರಕ್ಕೆ ಅಳೆಯಬೇಕಿತ್ತು. ಅದೂ ಎಕರೆ ಲೆಕ್ಕದಲ್ಲಿ. ಎರಡು ಬೆಳೆ ಬರುವ ಸಿಹಿನೀರಿನ ಗದ್ದೆಗೂ ನಮ್ಮ ಗಜನಿಗೂ ಒಂದೇ ಲೆಕ್ಕ. ಬೆಳೆಯೇ ಹೋದ ಮೇಲೆ ಅಳೆಯುವುದಕ್ಕೆ ನಮ್ಮಲ್ಲಿ ಉಳಿದದ್ದು ಹುಲ್ಲಿನಲ್ಲಿ ಬಿಗಿದು ಅಟ್ಟದ ಮೇಲಿಟ್ಟ ಬೀಜದ ಭತ್ತದ ಮುಡಿ ಮಾತ್ರ. ಅದು ಹೋದರೆ ಮುಂದಿನ ಮಳೆಗೆ ಬಿತ್ತುವುದಕ್ಕೆ ಒಂದು ಕಾಳೂ ಇಲ್ಲ. ಎಲ್ಲರ ಮನೆಯ ಕಥೆಯೂ ಇದೇ.

ಅಪ್ಪ ಊರವರನ್ನು ಕೂಡಿಸಿಕೊಂಡು ಕುಮಟೆಯ ಕಚೇರಿಗೆ ಹೋಗಿ, ಗಜನಿಯನ್ನು ಬೇರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಈ ವರ್ಷದ ಲೆವಿ ಬಿಡಬೇಕು ಎಂದು ಕೇಳಿದರು. ಕಂದಾಯದ ಸರ್ಕಲ್ ಸಾಹೇಬರು ಬಂದು ನೋಡುತ್ತೇನೆ ಎಂದರು. ಅವರು ನೋಡುವವರೆಗೆ ಯಾರೂ ಪೈರಿಗೆ ಕತ್ತಿ ಹಾಕಬಾರದು ಎಂದು ಊರು ನಿರ್ಧರಿಸಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ಊಟದ ಮಾತು ಬಂದಾಗ.

ಸಾಹೇಬರು ಘಟ್ಟದ ಮೇಲಿನವರು, ಮೀನು ಮುಟ್ಟದವರು. ಅವರಿಗೆ ಕಗ್ಗದ ಕೆಂಪಕ್ಕಿ ಬಡಿಸುವುದು ಹೇಗೆ? ಮನೆಮನೆಯಿಂದ ಹಬ್ಬಕ್ಕೆಂದು ಇಟ್ಟಿದ್ದ ಬಿಳಿಯ ಬೆಳ್ತಿಗೆ ಅಕ್ಕಿ ನಮ್ಮ ಮನೆಗೆ ಬಂತು. ನನಗೆ ತಡೆಯಲಾಗಲಿಲ್ಲ.

"ಅವ್ವಿ, ಅವ್ರು ಉಣ್ಣೂಕೆ ಬರೂದಲ್ಲ. ನಾವು ಎಂತ ಉಣ್ತ್ರು ಅಂತ ನೋಡೂಕೆ ಬರೂದು. ಗಂಜಿನೇ ಹಾಕು."

ಅವ್ವಿ ನನ್ನನ್ನು ನುಂಗುವ ಹಾಗೆ ನೋಡಿದಳು. "ಮನೆಗೆ ಬಂದವ್ರಿಗೆ ಗಂಜಿಯಾ? ನಾಕು ಜನ ಎಂತ ಹೇಳೂದಿಲ್ಲ?"

ಆ ನಾಕು ಜನರೇ ಅಕ್ಕಿ ತಂದು ಕೊಟ್ಟವರು!

ಸಾಹೇಬರು ಬಂದರು. ಅನ್ನ, ಸಾರು, ಕಾಯಿಹಾಲಿನ ಪಾಯಸ. ಉಂಡೆದ್ದು ಒಡ್ಡಿನ ತುದಿಗೆ ಹೋಗುವಷ್ಟರಲ್ಲಿ ಬಿಸಿಲು ನೆತ್ತಿ ದಾಟಿತ್ತು. ಕಗ್ಗದ ಪೈರು ಎದೆಯೆತ್ತರ, ದೂರದಿಂದ ನೋಡಿದರೆ ಹಸನಾಗಿ ನಿಂತಿತ್ತು. ಗದ್ದೆಗಿಳಿದು ತೆನೆ ಹಿಚುಕಿದರೆ ಮಾತ್ರ ಜೊಳ್ಳು ಎಂದು ತಿಳಿಯುವುದು. ಕೆಸರಿಗೆ ಅವರು ಇಳಿಯಲಿಲ್ಲ.

"ಇಂಥಾ ಅಕ್ಕಿ ಉಣ್ಣೋ ಊರಾಗ ಬೆಳಿ ಇಲ್ಲ ಅಂದ್ರ ಮ್ಯಾಲಿನವರು ನಂಬ್ತಾರೇನ್ರಿ?" ಎಂದು ನಕ್ಕು ಸೈಕಲ್ ಹತ್ತಿದರು. ಕೆಲವೇ ದಿನಗಳಲ್ಲಿ ಪೂರ್ತಿ ಲೆವಿ ಅಳೆಯಬೇಕೆಂದು ಅಪ್ಪಣೆಯಾಯಿತು.

ಈ ಸಲ ಹೆಂಗಸರೂ ಕುಮಟೆಗೆ ಹೊರಟೆವು. ಹೊಳೆಸಾಲಿನ ಬೇರೆ ಊರುಗಳವರೂ ದಾರಿಯಲ್ಲಿ ಸೇರಿಕೊಂಡರು. ಕಚೇರಿಯ ಜಗಲಿಯಲ್ಲಿ ಜನ ಹಿಡಿಸಲಿಲ್ಲ. ಜವಾನ ಏಳಿ ಏಳಿ ಎನ್ನುತ್ತಿದ್ದ, ಹೆಂಗಸರು ಸಸಿ ನೆಡುವಾಗಿನ ನೆಟ್ಟಿಯ ಹಾಡು ಹೇಳುತ್ತ ಕೂತರು. ನಾನು ಮಾತ್ರ ಕೂರಲಾರದೆ ಅಂಗಳದಲ್ಲಿ ಸುತ್ತುತ್ತಿದ್ದೆ. ಸಂಜೆಗೆ ಸಾಹೇಬರು ಹೊರಗೆ ಬಂದು, ಇನ್ನೊಮ್ಮೆ ನೋಡುತ್ತೇನೆ ಎಂದು ಒಪ್ಪಿದರು.

ಎರಡನೆಯ ಸಲ ನಾನು ಅವ್ವಿಯ ಮಾತು ಕೇಳಲಿಲ್ಲ. ಕಗ್ಗದ ಗಂಜಿ, ಮೇಲೆ ಎರಡು ಹರಳು ಉಪ್ಪು, ನಾನೇ ತಂದಿಟ್ಟೆ. ಅವ್ವಿ ಒಳಗೆ ಮುಖ ಮುಚ್ಚಿಕೊಂಡಿದ್ದಳು. ಸಾಹೇಬರು ನಾಲ್ಕು ಗುಟುಕು ಕುಡಿದು ಎದ್ದು, ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿದರು. ಅಪ್ಪ ತೆನೆ ಉಜ್ಜಿ ಅವರ ಅಂಗೈಗೆ ಹಾಕಿ ಊದಿದರು. ಕೈಯಲ್ಲಿ ಏನೂ ಉಳಿಯಲಿಲ್ಲ. ಸಾಹೇಬರು ಇನ್ನೊಂದು ತೆನೆಯನ್ನು ತಾವೇ ಕಿತ್ತು ಉಜ್ಜಿ ನೋಡಿದರು. ಗೆದ್ದೆವು ಎಂದುಕೊಂಡೆ.

ಮನೆಗೆ ತಿರುಗಿ ಬಂದು ನೋಡಿದರೆ ಜಗಲಿಯಲ್ಲಿ ಬಾಳೆಎಲೆ. ಎಲೆಯ ಮೇಲೆ ಹಬೆಯಾಡುವ ಬಿಳಿ ಅನ್ನ! ಅಪ್ಪ ಅಲ್ಲೇ ನಿಂತುಬಿಟ್ಟರು. ಮಾಡಿದ್ದೆಲ್ಲ ನೀರಿಗೆ ಹಾಕಿದಳಲ್ಲ ಈ ಅವ್ವಿ ಎಂದು ನನಗೆ ಅಳುವೇ ಬಂತು.

"ಇದೆಲ್ಲಿಂದ ಬಂತವ್ವಾ?" ಎಂದು ಸಾಹೇಬರು ಕೇಳಿದರು. ದನಿಯಲ್ಲಿ ಸಂಶಯ ಇತ್ತು.

ಅವ್ವಿ ಬಾಗಿಲ ಮರೆಯಿಂದಲೇ ಹೇಳಿದಳು: "ನಿಮ್ದೇ ಅಕ್ಕಿ. ಹೋದ ಸಲ ಊರವ್ರು ನಿಮ್ ಹೆಸರಲ್ಲಿ ಕೊಟ್ಟದ್ದು ಸ್ವಲ್ಪ ಉಳಿದಿತ್ತು. ನಿಮ್ಗೆ ಅಂತ ಕೊಟ್ಟದ್ದ ನಾವು ಹೆಂಗೆ ಉಣ್ಣೂದು?"

ನನಗೆ ತಲೆ ಕೆಟ್ಟುಹೋಯಿತು. ಗಂಜಿಗೆ ನೀರು ಬೆರೆಸಿ ಬೆರೆಸಿ ದಿನ ನೂಕಿದ್ದೆವು. ತಂಗಿ ಹಸಿವೆಂದು ರಾತ್ರಿ ಅತ್ತು ಮಲಗಿದ್ದಳು. ಅಷ್ಟು ದಿನವೂ ಅಕ್ಕಿ ಇದೇ ಮನೆಯಲ್ಲಿ, ದೇವರ ಮೂಲೆಯ ಡಬ್ಬದಲ್ಲಿತ್ತು. ಅವ್ವಿಯ ಮೇಲೆ ಅಷ್ಟು ಸಿಟ್ಟು ನನಗೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಸಾಹೇಬರು ಎಲೆಯನ್ನು ನೋಡಿದರು, ಆಮೇಲೆ ಕಂಬದ ಪಕ್ಕ ನಿಂತು ಅನ್ನವನ್ನೇ ನೋಡುತ್ತಿದ್ದ ತಂಗಿಯನ್ನು. ಕೈ ತೊಳೆದು ಕೂತು, ಒಂದು ಅಗುಳೂ ಬಿಡದೆ ಉಂಡರು. ಉಣ್ಣುವಾಗ ತಲೆ ಎತ್ತಲಿಲ್ಲ. ಹೊರಡುವಾಗ ಅಪ್ಪನಿಗೆ, "ಮುಡಿ ಅಟ್ಟದ ಮ್ಯಾಲೇ ಇರಲಿ. ನಾ ಬರೀತೀನಿ" ಎಂದಷ್ಟೇ ಹೇಳಿದರು. ಅವರು ಬರೆದರು, ಆ ವರ್ಷ ನಮ್ಮ ಊರಿನ ಲೆವಿ ಬಿಟ್ಟರು. ಗಜನಿಗೆ ಬೇರೆ ಲೆಕ್ಕ ಬೇಕೆಂದು ನಾವು ಮತ್ತೂ ಎಷ್ಟೋ ವರ್ಷ ಕುಮಟೆಗೆ ಅಲೆದೆವು.

ಸಾಹೇಬರು ಹೋದ ಮೇಲೆ ಅವ್ವಿ ಖಾಲಿ ಡಬ್ಬ ತೊಳೆದು ಬಿಸಿಲಿಗೆ ಕವುಚಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಆತಲ್ಲ, ಇನ್ನಾದ್ರೂ ಒಂದು ಕಡೆ ಕೂತ್ಕ" ಎಂದಳು. ಒಡ್ಡು ಇನ್ನೂ ಒಡೆದೇ ಇತ್ತು. ಬುಟ್ಟಿ ತಗೊಂಡು ಮಣ್ಣು ಹೊರಲು ಹೋದೆ.