ಅತ್ತೆಯವರ ‘ಹೂಂ’

“ಅಮ್ಮಾರ, ಕೊಳ್ಳಾಗಿನ ಲಿಂಗ ಸ್ವಲ್ಪ ಬಾಜೂ ಸರಸ್ತೀರೇನ್ರಿ?” ಡಾಕ್ಟರು ಬಹಳ ಗೌರವದಿಂದಲೇ ಕೇಳಿದರು. ಎದೆಯಲ್ಲಿ ಗಂಟಾಗಿದೆ ಎಂದು ನಾನೂ ನನ್ನ ಗಂಡನೂ ಅತ್ತೆಯವರನ್ನು ಬೆಲ್ಲದ ಬಾಗೇವಾಡಿಯಿಂದ ಹುಕ್ಕೇರಿಯ ದವಾಖಾನೆಗೆ ಕರೆತಂದಿದ್ದೆವು. ಸ್ನಾನ ಮಾಡುವಾಗಲೂ ಲಿಂಗ ತೆಗೆಯದವರು, ಅದನ್ನಿಟ್ಟ ಕರಡಿಗೆಯನ್ನು ತಾವೇ ಹಿಡಿದು ಹೆಗಲ ಮೇಲೆ ಸರಿಸಿಕೊಂಡರು.

ಡಾಕ್ಟರು ನನ್ನ ಗಂಡನ ಕಡೆ ತಿರುಗಿ, “ತಪಾಸಣಿ ಮಾಡ್ಲೇನ್ರಿ? ನೀವಿಬ್ಬರೂ ಹೊರಗ ಕುಂದರ್ರಿ” ಎಂದರು. “ಹೂಂ, ಮಾಡ್ರಿ” ಎಂದು ನನ್ನ ಗಂಡ ಎದ್ದೇಬಿಟ್ಟರು. ನಾನೂ ಬಾಗಿಲಿನವರೆಗೆ ಹೋಗಿದ್ದೆ.

“ತಡೀರಿ ಡಾಕ್ಟರ.” ಅತ್ತೆ ಸೆರಗು ಬಿಗಿ ಹಿಡಿದಿದ್ದರು. ಮನೆಗೆ ಗಂಡಸರು ಬಂದರೆ ಅಡುಗೆಮನೆಯಿಂದಲೇ ಮಾತಾಡುವವರು ಅವರು. “ಲಿಂಗ ಸರಸಾಕ ನನ್ನ ಕೇಳಿದ್ರಿ. ಮೈ ಮುಟ್ಟಾಕ ನನ್ನ ಮಗನ್ನ ಯಾಕ ಕೇಳ್ತೀರಿ? ಮೈನೂ ನಂದ ಐತಿ. ಏನೇನ್ ಮಾಡ್ತೀರಿ ಮೊದಲ ಹೇಳ್ರಿ. ನನ್ನ ಸೊಸಿ ಬಾಜೂ ನಿಂದರ್ಲಿ. ಆಮ್ಯಾಲ ನಾ ಹೂಂ ಅಂತೇನಿ.”

ಡಾಕ್ಟರು ಸಿಟ್ಟಾಗಲಿಲ್ಲ. “ತಪ್ಪಾತ್ರಿ ಅಮ್ಮಾರ” ಎಂದವರೇ ನರ್ಸಮ್ಮನನ್ನು ಕರೆದರು, ಎಲ್ಲವನ್ನೂ ಬಿಡಿಸಿ ಹೇಳಿದರು, ಅತ್ತೆ ಹೂಂ ಅನ್ನುವವರೆಗೆ ಕೈ ಕಟ್ಟಿ ನಿಂತರು. ನಾನು ಅತ್ತೆಯವರ ಕೈ ಹಿಡಿದುಕೊಂಡಿದ್ದೆ. ಗಂಟು ಅಂಜುವಂಥದ್ದಲ್ಲ ಎಂದು ಆಮೇಲೆ ಗೊತ್ತಾಯಿತು.

ನಾನೀಗ ಬಸುರಿ. ಹೋದ ವಾರ ನಾವು ಮೂವರೂ ಬೇರೊಬ್ಬ ಡಾಕ್ಟರ ಹತ್ತಿರ ತಪಾಸಣೆಗೆ ಹೋದಾಗ, ಅವರು ನನ್ನ ಗಂಡನ ಮುಖ ನೋಡುವ ಮೊದಲೇ ಹೇಳಿದೆ: “ನನ್ನ ಕೇಳ್ರಿ. ಇವರು ನಮ್ಮ ಅತ್ತಿ, ನನ್ನ ಬಾಜೂ ಇರ್ತಾರ.”